ಬೆರಳು ಹಿಡಿದವರು

ಹೊಳೆದಂಡೆಯ ಶಾಲೆಗೆ ಇದ್ದದ್ದು ಮೂರೇ ಗೋಡೆ. ನಾಲ್ಕನೆಯ ಕಡೆ ಹೊಳೆ.

ಅಲ್ಲಿ ಕಲಿಸುತ್ತಿದ್ದ ಅಯ್ಯನವರ ಬಳಿ ಶಿಷ್ಯನಾಗಿ ಬಂದ ಗದಿಗೆಪ್ಪ ಒಂದು ದಿನ ಕೇಳಿದ:

“ಅಯ್ಯಾರ, ಈ ಸಾಲಿ ಚರಿತ್ರೆ ಬರೀಲೇನು?”

“ಯಾಕ?”

“ಮುಂದಿನವರಿಗೆ ತಿಳೀಲಿ ಅಂತ.”

“ಅದಿರಲಿ. ನಿನಗ ಏನು ತಿಳೀಬೇಕಾಗೈತಿ?”

ಗದಿಗೆಪ್ಪ ತಲೆ ತಗ್ಗಿಸಿದ.

“ನಮ್ಮವ್ವ ಇಲ್ಲೇ ಅಕ್ಷರ ಕಲಿತಿದ್ಲಂತ್ರಿ. ನಾನು ಎರಡು ವರ್ಷದವ ಇದ್ದಾಗ ತೀರಿಕೊಂಡ್ಲು. ಮಾರಿ, ಕಣ್ಣು-ಮೂಗು ಒಂದೂ ನೆನಪಿಲ್ಲ. ಎಲ್ಲಾದರೂ ಆಕಿ ಹೆಸರು ಸಿಗಬಹುದೇನೋ ಅಂತ.”

“ಬರಿ,” ಎಂದರು ಅಯ್ಯನವರು.

ಗದಿಗೆಪ್ಪ ನಾಲ್ಕು ಪ್ರಶ್ನೆ ಬರೆದುಕೊಂಡು ಮನೆಮನೆಗೆ ಹೋದ. ಶಾಲೆ ಶುರುವಾದದ್ದು ಯಾವ ವರ್ಷ? ಕಟ್ಟಿಸಿದವರು ಯಾರು? ಮಕ್ಕಳೆಷ್ಟು? ಹೊಳೆ ಒಳಗೆ ನುಗ್ಗಿದ್ದು ಯಾವಾಗ?

ಕುಂಬಾರರ ಗೌರಕ್ಕ ನಕ್ಕುಬಿಟ್ಟಳು.

“ವರ್ಷಗಿರ್ಷ ನನಗೇನು ಗೊತ್ತೋ ತಮ್ಮಾ? ನನ್ನ ಬೆರಳು ಹಿಡಿದಾಕಿ...”

“ಅದಿರಲಿ ಅಕ್ಕಾ. ಹೊಳೆ ಬಂದದ್ದು ಯಾವಾಗ?”

“ಮಾತು ಮುಗಿಸಾಕರ ಬಿಡು! ಭಾರಿ ಸಾಹೇಬ ಬಂದಾನ.”

ಆ ಶಾಲೆಯಲ್ಲೊಂದು ರೂಢಿ ಇತ್ತು. ಹೊಸ ಮಗುವಿಗೆ ಗುರು ಅಕ್ಷರ ತಿದ್ದಿಸುತ್ತಿರಲಿಲ್ಲ. ಅದಕ್ಕಿಂತ ಮೊದಲು ಕೊನೆಯದಾಗಿ ಸೇರಿದ್ದ ಮಗು ಅದರ ಬೆರಳು ಹಿಡಿದು ಉಸುಕಿನ ಮೇಲೆ ತಿದ್ದಿಸಬೇಕು. ಗದಿಗೆಪ್ಪ ಬೇರೆ ಊರಿನಿಂದ, ಅಕ್ಷರ ಬಲ್ಲವನಾಗಿ ಬಂದವ. ಅವನ ಬೆರಳನ್ನು ಅಲ್ಲಿ ಯಾರೂ ಹಿಡಿದಿರಲಿಲ್ಲ.

ಇಪ್ಪತ್ತು ದಿನದ ಮೇಲೆ ಅವನು ಬರೆದದ್ದನ್ನು ತಂದು ಅಯ್ಯನವರ ಮುಂದೆ ಓದಿದ. ಎರಡು ಸಲ ಹೊಳೆ ನುಗ್ಗಿದ್ದು. ಮೂರು ಸಲ ಚಾವಣಿ ಬದಲಿಸಿದ್ದು. ಗುರುಗಳು ಏಳು ಮಂದಿ.

“ನಿಮ್ಮವ್ವ?”

“ಇಲ್ರಿ.”

“ಮಂದಿ ಮತ್ತೇನೂ ಹೇಳಲಿಲ್ಲೇನು?”

“ಯಾರು ಯಾರ ಬೆರಳು ಹಿಡಿದ್ರು ಅನ್ನೋ ಮಾತು. ಚರಿತ್ರೆಗೆ ಬ್ಯಾಡ ಅಂತ ಬಿಟ್ಟೆ.”

“ಹೋಗು. ಅದೊಂದನ್ನ ಕೇಳಿಕೊಂಡು ಬಾ.”

ಗೌರಕ್ಕ ಮಣ್ಣು ಕಲಸುತ್ತಿದ್ದಳು.

“ಈಗ ಬಂತೇನೋ ಬುದ್ಧಿ? ನನ್ನ ಬೆರಳು ಹಿಡಿದಾಕಿ ಪಾರವ್ವ.”

ಗದಿಗೆಪ್ಪನ ಕೈಯಲ್ಲಿದ್ದ ಲೇಖನಿ ನಿಂತಿತು.

“ನಾನು ಆಕಿ ಮಗ.”

“ಮೊದಲ ಹೇಳಬಾರದೇನೋ, ಹುಚ್ಚಪ್ಪಾ!”

“ಮಾರಿ ಹೆಂಗಿತ್ತಕ್ಕಾ?”

“ಆರು ವರ್ಷದಾಕಿ ನಾನು. ಮಾರಿ ಎಲ್ಲಿ ನೋಡ್ಲಿ? ಉಸುಕಿನ ಮ್ಯಾಲೆ ಕಣ್ಣು. ಕೈ ನೆನಪೈತಿ.”

“ಕೈ ಹೆಂಗಿತ್ತು?”

ಗೌರಕ್ಕ ತನ್ನ ಕೆಸರುಗೈ ನೋಡಿಕೊಂಡಳು. “ಹೆಂಗಂತ ಹೇಳ್ಲಿ ತಮ್ಮಾ?” ಎಂದಳು.

ಗೌರಕ್ಕ ಯಾರ ಬೆರಳು ಹಿಡಿದಳು, ಅವರು ಯಾರದು ಹಿಡಿದರು ಎಂದು ಅವನು ಕೇಳುತ್ತ ನಡೆದ. ಊರು ಬಿಟ್ಟವರ, ತೀರಿಕೊಂಡವರ ಸುದ್ದಿಯನ್ನು ಅವರಿಂದ ಕಲಿತವರೇ ಹೇಳಿದರು. ಕೊನೆಯ ಹೆಸರು ಆ ವರ್ಷವಷ್ಟೇ ಸೇರಿದ್ದ ಪುಟ್ಟ ಹುಡುಗಿ ನೀಲಳದು. ಅವನು ಅಯ್ಯನವರ ಬಳಿ ಮರಳಿ ಬಂದ.

“ಅವ್ವನ ಹೆಸರು ಸಿಕ್ಕಿತ್ರಿ. ಆಕಿ ಆದಮ್ಯಾಲೆ ಐವತ್ತೆರಡು ಮಂದಿ. ನಡುವ ಒಬ್ಬರೂ ತಪ್ಪಿಲ್ಲ.”

“ಆತಲ್ಲ?”

“ಇಲ್ರಿ ಅಯ್ಯಾರ. ಹೆಸರು ಸಿಕ್ಕಿತು. ಅವ್ವ ಸಿಗಲಿಲ್ಲ.”

ಅಯ್ಯನವರು ಎದ್ದು ಉಸುಕನ್ನು ಅಂಗೈಯಿಂದ ಸಮ ಮಾಡಿದರು. ನೀಲಳನ್ನು ಕರೆದರು.

“ನೀಲಾ, ಹೊಸಬ ಬಂದಾನ. ತಿದ್ದಿಸು.”

ನೀಲ ಕಿಸಕ್ಕನೆ ನಕ್ಕಳು. “ಇವರಿಗೆ ಮೀಸಿ ಬಂದಾವಲ್ರೀ!”

“ಬರಲಿ. ನಿನ್ನ ಆದಮ್ಯಾಲೆ ಬಂದವ.”

ಅವಳು ಗದಿಗೆಪ್ಪನ ಪಕ್ಕದಲ್ಲಿ ಮೊಣಕಾಲೂರಿ ಕೂತು ಅವನ ತೋರುಬೆರಳನ್ನು ಮುಷ್ಟಿಯಲ್ಲಿ ಹಿಡಿದಳು. ಉಸುಕು ಬೆಚ್ಚಗಿತ್ತು. ಗದಿಗೆಪ್ಪನ ಬೆರಳು ತಾನೇ ಮುಂದೆ ಹೋಗಿ ಅಕ್ಷರವನ್ನು ಅರ್ಧ ಬರೆದುಬಿಟ್ಟಿತು.

ನೀಲ ಅವನ ಮಣಿಕಟ್ಟಿಗೆ ಒಂದು ಏಟು ಕೊಟ್ಟಳು.

ಅಯ್ಯನವರು ಉಸುಕನ್ನು ಮತ್ತೆ ಸಮ ಮಾಡಿದರು.

“ಓಡಬ್ಯಾಡೋ ಗದಿಗೆಪ್ಪಾ. ಆ ಕೈ ನಿನ್ನ ತನಕ ಬರಾಕ ಐವತ್ತೆರಡು ಮಂದಿ ಬೇಕಾತು.”