ಬಣ್ಣದ ಮನೆಯ ಕ್ರಮ

"ಗುರುಗಳೇ, ಎಲ್ಲವನ್ನೂ ಅದರದರ ಜಾಗದಲ್ಲಿ ಇಟ್ಟಿದ್ದೇನೆ. ಆದರೂ ಯಾರೂ ಯಾಕೆ ಒಳಗೆ ಬರುತ್ತಿಲ್ಲ?"

ಕೇಳಿದವನು ಚೆನ್ನವೀರ. ಮಠದ ಶಾಲೆ, ಹಾಸ್ಟೆಲು, ಆಸ್ಪತ್ರೆ, ದಾಸೋಹದ ಮನೆ, ಇವುಗಳಲ್ಲಿ ಕೆಲಸ ಮಾಡುವವರಿಗೆ ಬೇಕಾದ ತಿಳಿವಳಿಕೆಯನ್ನೆಲ್ಲ ಒಂದೇ ಕಡೆ ಸೇರಿಸಿ, ಒಳಗಿನವರಿಗೆಂದೇ ಒಂದು ಜಾಲತಾಣವನ್ನು ಅವನು ಕಟ್ಟಿದ್ದ. ಗುರುಗಳು ಸೇವೆಯ ಪಾಠ ಹೇಳುವಾಗ ಅನ್ನ, ಅರಿವು, ಆರೈಕೆ ಎಂದು ಯಾವ ಕ್ರಮದಲ್ಲಿ ಹೇಳಿದ್ದರೋ ಅದೇ ಕ್ರಮದಲ್ಲಿ ಪುಟಗಳನ್ನು ಜೋಡಿಸಿದ್ದ. ಆದರೆ ಮಗುವಿಗೆ ಜ್ವರ ಬಂದರೆ ಏನು ಮಾಡಬೇಕೆಂದು ಹಾಸ್ಟೆಲಿನವರು ಈಗಲೂ ಫೋನು ಮಾಡಿಯೇ ಕೇಳುತ್ತಿದ್ದರು.

"ಇನ್ನೊಮ್ಮೆ ಹೊಸದಾಗಿ ಕಟ್ಟಬೇಕೆಂದಿದ್ದೇನೆ," ಎಂದ. "ಅಕ್ಷರ ದೊಡ್ಡದು ಮಾಡಲೇ? ಮುಖಪುಟದ ಬಣ್ಣ ಬದಲಿಸಲೇ?"

ಗುರುಗಳು ಅವನನ್ನು ಕೂರಿಸಿಕೊಂಡು ಈ ಕತೆ ಹೇಳಿದರು.

ಒಂದು ಊರಿನಲ್ಲಿ ಬಣ್ಣ ಹಾಕುವವರ ಕೇರಿಯಿತ್ತು. ಒಂದೊಂದು ಮನೆಯವರಿಗೆ ಒಂದೊಂದು ಬಣ್ಣ. ನೀಲಿಯ ಮನೆಯವರಿಗೆ ಕೆಂಪು ತಿಳಿಯದು, ಕೆಂಪಿನ ಮನೆಯವರಿಗೆ ಹಳದಿ ತಿಳಿಯದು. ಹಾಗಾಗಿ ಕೇರಿಯ ನಡುವೆ ಎಲ್ಲರಿಗೂ ಸೇರಿದ ಒಂದು ಬಣ್ಣದ ಮನೆ ಇಟ್ಟುಕೊಂಡಿದ್ದರು. ಕೇರಿಗೆ ಗೊತ್ತಿದ್ದ ಪ್ರತಿ ಬಣ್ಣದ ಒಂದು ಲಡಿ ನೂಲು ಅಲ್ಲಿರುತ್ತಿತ್ತು. ಆ ಬಣ್ಣ ಬರಿಸುವ ಬಗೆಯನ್ನು ಓಲೆಯ ಚೂರಿನಲ್ಲಿ ಬರೆದು ಲಡಿಗೆ ಕಟ್ಟಿರುತ್ತಿದ್ದರು.

ಆ ಮನೆಯನ್ನು ನೋಡಿಕೊಳ್ಳುತ್ತಿದ್ದವನು ಒಬ್ಬ ಮುದುಕ. ಅವನ ಕಾಲದಲ್ಲಿ ಲಡಿಗಳಿಗೆ ಕ್ರಮವೆಂಬುದೇ ಇರಲಿಲ್ಲ. ಜಗಲಿಯ ಮೇಲೆ ರಾಶಿ ಬಿದ್ದಿರುತ್ತಿದ್ದವು. ಬಿಸಿಲು ಬಡಿಯುತ್ತಿತ್ತು, ಬಂದವರೆಲ್ಲ ಮುಟ್ಟುತ್ತಿದ್ದರು, ಎಳೆದಾಡುತ್ತಿದ್ದರು. ಯಾರು ಬಂದರೂ ಮುದುಕ ಯಾತಕ್ಕೆ ಬೇಕೆಂದು ಕೇಳಿ, ರಾಶಿಗೆ ಕೈ ಹಾಕಿ, ಬೇಕಾದದ್ದನ್ನು ಎಳೆದು ಕೊಡುತ್ತಿದ್ದ. ದಿನವಿಡೀ ಗದ್ದಲ.

ಮುದುಕ ತೀರಿಕೊಂಡ. ರಾಶಿ ಉಳಿಯಿತು. ಅದರಲ್ಲಿ ಏನು ಎಲ್ಲಿದೆ ಎಂಬುದು ಅವನೊಂದಿಗೇ ಹೋಯಿತು. ಅವನ ಕೈಕೆಳಗೆ ಕಲಿತಿದ್ದ ಒಬ್ಬ ಬಣ್ಣಗಾರ ಆ ಮನೆಯ ಹೊಣೆ ಹೊತ್ತ.

ಈ ಬಣ್ಣಗಾರನಿಗೆ ಮುದುಕನೆಂದರೆ ಪ್ರಾಣ. ಹೆತ್ತ ತಂದೆ ಸತ್ತಾಗಲೂ ಅಳದವನು ಮುದುಕನಿಗಾಗಿ ಅತ್ತಿದ್ದ. ಮುದುಕ ಅವನಿಗೆ ಬಣ್ಣದ ಪಾಠ ಹೇಳಿದ್ದು ಒಂದು ಕ್ರಮದಲ್ಲಿ. ಮೊದಲು ಬೇರಿನ ಬಣ್ಣ, ಆಮೇಲೆ ತೊಗಟೆಯದು, ಎಲೆಯದು, ಹೂವಿನದು, ಕೊನೆಗೆ ಮಣ್ಣಿನದು. ಬಣ್ಣಗಾರ ಗೋಡೆ ತುಂಬ ಗೂಡು ಮಾಡಿಸಿ ಲಡಿಗಳನ್ನು ಆ ಕ್ರಮದಲ್ಲೇ ಇಟ್ಟ. ಬಿಸಿಲಿಗೆ ಬಣ್ಣ ಕೆಡಬಾರದೆಂದು ಕಿಟಕಿಗೆ ಬಿದಿರಿನ ತಟ್ಟಿ ಕಟ್ಟಿದ. ಒಂದೊಂದು ಲಡಿ ಇಡುವಾಗಲೂ ಮುದುಕ ಹಿಂದೆ ನಿಂತು ತಲೆದೂಗುತ್ತಿದ್ದಾನೆ ಎನಿಸುತ್ತಿತ್ತು. ಎಷ್ಟೋ ಸಲ ತಿರುಗಿಯೂ ನೋಡಿದ.

ಕೇರಿಯವರು ಬಂದರು, ನೋಡಿದರು, ಬಾಯ್ತುಂಬ ಹೊಗಳಿದರು. ಹೊಗಳಿ ಹೋದವರು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಬೇಕಾದಾಗ ಪಕ್ಕದ ಮನೆಯವರನ್ನು ಕೇಳಿದರು, ಅರೆಬರೆ ಕಲಿತರು, ಬಣ್ಣ ಬಿಡುವ ನೂಲನ್ನು ನೇಕಾರರಿಗೆ ಕೊಟ್ಟು ಬೈಸಿಕೊಂಡರು.

ಬಣ್ಣಗಾರ ಮೊದಲು ಅವರನ್ನೇ ಸೋಮಾರಿಗಳೆಂದು ಬೈದ. ಬೈದು ಸುಸ್ತಾದ ಮೇಲೆ ಗೋಡೆಗೆ ಹೊಸದಾಗಿ ಸುಣ್ಣ ಬಳಿಸಿದ. ಗೂಡುಗಳ ಮೇಲಿನ ಅಕ್ಷರ ದಪ್ಪ ಮಾಡಿದ. ಬಾಗಿಲಿಗೆ ತೋರಣ ಕಟ್ಟಿದ. ಮನೆಗೆ ಮದುವೆಯ ಕಳೆ ಬಂತು, ಬೀಗರು ಮಾತ್ರ ಬರಲಿಲ್ಲ.

ಅವನು ಹೊಸ್ತಿಲ ಮೇಲೆ ಕೂತು ಕಾಯುತ್ತಿದ್ದ. ಬೀದಿಯಲ್ಲಿ ಹೆಜ್ಜೆ ಸಪ್ಪಳವಾದರೆ ಮೈಯೆಲ್ಲ ಕಿವಿಯಾಗುತ್ತಿತ್ತು. ಹೆಜ್ಜೆ ಮುಂದೆ ಹೋಗಿಬಿಡುತ್ತಿತ್ತು. ಮುದುಕನಿದ್ದಾಗ ತಲೆನೋವು ತರಿಸುತ್ತಿದ್ದ ಆ ಗದ್ದಲ ಈಗ ಬೇಕೆನಿಸುತ್ತಿತ್ತು. ಮುದುಕ ಬೇಕೆನಿಸುತ್ತಿತ್ತು. ಉಂಡ ಅನ್ನ ರುಚಿಸುತ್ತಿರಲಿಲ್ಲ.

ಒಂದು ಬೆಳಿಗ್ಗೆ ಕೇರಿಯ ಕೊನೆಯ ಮನೆಯ ಹೆಣ್ಣುಮಗಳು ಬಂದಳು. ಅವಳದು ನೀಲಿಯ ಮನೆ. ಅವಳ ಕೈಯಲ್ಲಿ ಸವೆದ ಬಟ್ಟೆಯ ತುಂಡೊಂದಿತ್ತು, ಮಾಸಿದ ಕೆಂಪು. ಅದೇ ಬಣ್ಣ ಬರಿಸುವ ಬಗೆ ಬೇಕೆಂದಳು. ಬಣ್ಣಗಾರನಿಗೆ ಹಿಗ್ಗೋ ಹಿಗ್ಗು. ತುಂಡನ್ನು ಕೈಗೆ ತೆಗೆದುಕೊಳ್ಳುವುದನ್ನೂ ಮರೆತು ಗೂಡುಗಳ ಕಡೆ ತಿರುಗಿದ.

"ಇದು ಬೇರಿನ ಬಣ್ಣೋ, ತೊಗಟಿ ಬಣ್ಣೋ? ಅದೊಂದು ಹೇಳಿದ್ರ ಗೂಡು ತೋರಸ್ತೀನಿ."

"ಅದು ಗೊತ್ತಿದ್ರ ನಾ ಇಲ್ಲಿತನಕ ಯಾಕ ಬರ್ತಿದ್ದೆ, ಅಣ್ಣಾ?"

ಬಣ್ಣಗಾರ ಗೂಡುಗಳ ಕಡೆ ಕೈ ತೋರಿಸಿದ. ಹಾಗಾದರೆ ನೀನೇ ಹುಡುಕಿಕೋ ಎಂದ. ಅವಳು ಗೂಡಿನಿಂದ ಗೂಡಿಗೆ ತುಂಡನ್ನು ಹಿಡಿದು ನೋಡುತ್ತ ಹೋದಳು. ಕತ್ತಲಲ್ಲಿ ಕಾಪಾಡಿದ ಲಡಿಗಳೆಲ್ಲ ನಿನ್ನೆ ಬಣ್ಣ ಹಾಕಿದಂತಿದ್ದವು. ಅವಳ ಕೈಯಲ್ಲಿದ್ದದ್ದು ಬಾಳಿ ಸವೆದ ಬಣ್ಣ. ಯಾವುದೂ ಹೊಂದಲಿಲ್ಲ. ಹೊತ್ತು ಇಳಿಯುವ ಮುಂಚೆ ತುಂಡನ್ನು ಮಡಚಿ ಸೆರಗಿಗೆ ಕಟ್ಟಿಕೊಂಡು ಹೊರಟಳು.

ಬಣ್ಣಗಾರ ಅವಳ ಬೆನ್ನು ನೋಡುತ್ತ ನಿಂತ. ಬಂದ ಒಬ್ಬಳೂ ಬರಿಗೈಯಲ್ಲಿ ಹೋಗುತ್ತಿದ್ದಳು. ಬೀದಿಗೆ ಓಡಿ ಅವಳನ್ನು ನಿಲ್ಲಿಸಿದ.

"ತಂಗೆವ್ವ, ಇದು ಯಾತಕ್ಕ ಬೇಕಾಗಿತ್ತು?"

"ಅವ್ವ ಹೊದಿತಿದ್ದ ಕೌದಿ ನಡುವ ಹರದೈತಿ. ಒಂದು ತ್ಯಾಪಿ ಹಚ್ಚಬೇಕು. ತಂಗಿ ಬಾಣಂತನಕ್ಕ ಬರಾಕತ್ತಾಳ. ಅವ್ವಂತೂ ಇಲ್ಲ, ಅಕಿ ಕೌದಿಯಾದ್ರೂ ಇರಲಿ ಅಂತ."

ಊರಿನ ಕೌದಿಗಳಿಗೆಲ್ಲ ಹಾಕುತ್ತಿದ್ದದ್ದು ಒಂದೇ ಕೆಂಪು, ಹಾಗಾಗಿ ಕೌದಿಗೆ ಎಂದ ಕೂಡಲೇ ಬಣ್ಣಗಾರನಿಗೆ ತಿಳಿದುಹೋಯಿತು. ಅವಳಿಗೆ ಬೇಕಾದದ್ದು ಮಂಜಿಷ್ಠದ ಬೇರಿನ ಕೆಂಪು, ಒಗೆದು ಒಗೆದು ಮೆತ್ತಗಾದ ಮೇಲಿನದು. ಆ ಗೂಡಿನ ಮುಂದೆಯೇ ಅವಳು ನಿಂತು, ತಲೆಯಾಡಿಸಿ, ಮುಂದೆ ಹೋಗಿದ್ದಳು. ಬಣ್ಣಗಾರ ಹಳೆಯ ಬಟ್ಟೆಯೊಂದಕ್ಕೆ ಆ ಕೆಂಪು ಹಾಕಿದ. ಬೂದಿ ನೀರಿನಲ್ಲಿ ನೆನೆಸಿ, ಹಿಂಡಿ, ಬಿಸಿಲಿಗೆ ಹಾಕಿದ. ಮತ್ತೆ ನೆನೆಸಿದ, ಮತ್ತೆ ಒಣಗಿಸಿದ. ತಂಗಿ ಬರುವ ಮುಂಚೆ ಅವಳ ಮನೆಗೆ ಒಯ್ದು ಕೊಟ್ಟ. ಅವಳು ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕೆನ್ನೆಗೆ ಒತ್ತಿಕೊಂಡಳು.

ಬಣ್ಣಗಾರ ತಿರುಗಿ ಬಂದು ಗೂಡುಗಳ ಮುಂದೆ ನಿಂತ. ಬೇರು, ತೊಗಟೆ, ಎಲೆ, ಹೂವು, ಮಣ್ಣು. ಬಣ್ಣ ಕಲಿಯುವವನಿಗೆ ಅದು ಸರಿಯಾದ ಕ್ರಮ. ಬಣ್ಣ ಬೇಕೆಂದು ಬಂದವರಿಗೆ ಕೌದಿಗೆ, ತೊಟ್ಟಿಲಿಗೆ, ಹೊಲದ ಕೆಲಸಕ್ಕೆ, ಹಸೆಮಣೆಗೆ ಎಂದು ಇಡಬೇಕಿತ್ತು. ಲಡಿಗಳನ್ನು ಬಿಸಿಲಿಗೂ ಬಂದವರ ಕೈಗೂ ಬಿಡಬೇಕಿತ್ತು. ಅಷ್ಟೂ ಅವನಿಗೆ ಅರ್ಥವಾಯಿತು.

ಆದರೆ ಮೊದಲ ಲಡಿಯನ್ನು ಇಳಿಸಲು ಕೈ ಬರಲಿಲ್ಲ. ಆ ಕ್ರಮದಲ್ಲಿ ಮುದುಕನ ದನಿಯಿತ್ತು. ಅದನ್ನು ಕೆಡಿಸಿದರೆ ಅವನನ್ನು ಎರಡನೆಯ ಸಲ ಮಣ್ಣು ಮಾಡಿದಂತೆ ಎನಿಸಿತು. ಹೊಸ್ತಿಲ ಮೇಲೆ ಕೂತು ತಾನು ಇಷ್ಟು ದಿನ ಯಾರ ಹೆಜ್ಜೆಗೆ ಕಿವಿಗೊಟ್ಟಿದ್ದೆನೆಂಬುದು ಅವನಿಗೆ ಗೊತ್ತಾದದ್ದು ಆಗಲೇ. ಮುದುಕ ಒಂದೇ ಒಂದು ಸಲ ಬಂದು, ಈ ಗೂಡುಗಳನ್ನೆಲ್ಲ ನೋಡಿ, ಚೆನ್ನಾಗಿದೆ ಎಂದು ಹೇಳಿ ಹೋಗಲಿ ಎಂದು ಅವನು ಕಾಯುತ್ತಿದ್ದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

"ಕೊನೆಗೆ ಅವನು ಲಡಿಗಳನ್ನು ಇಳಿಸಿದನೇ, ಗುರುಗಳೇ?" ಎಂದು ಚೆನ್ನವೀರ ಕೇಳಿದ.

"ನಿನ್ನ ತಾಣವನ್ನು ನಾನು ಈವರೆಗೆ ಒಂದು ಸಲವೂ ತೆರೆದು ನೋಡಿಲ್ಲ, ಮಗು," ಎಂದರು ಗುರುಗಳು.

ಚೆನ್ನವೀರ ಎದ್ದು, ಯಾತಕ್ಕೆ ಏನು ಬೇಕೆಂದು ಹಾಸ್ಟೆಲಿನವರನ್ನೇ ಕೇಳಲು ಹೊರಟ.