ಅರಿಸಿನ ಹಚ್ಚಿದ ಚೀಟಿ

“ಗುರುಗಳೇ, ಓದದೆ ಸಹಿ ಹಾಕಿ ಕೆಟ್ಟವರಿಗಾಗಿ ಮರುಗಬೇಕೆ?” ಎಂದು ಶಿಷ್ಯ ಕೇಳಿದ.

ಬೆಳಿಗ್ಗೆ ಒಬ್ಬ ಮನುಷ್ಯ ಯಾವುದೋ ಅಂಗಡಿಯ ಕರಾರುಪತ್ರ ಹಿಡಿದುಕೊಂಡು ಮಠಕ್ಕೆ ಬಂದಿದ್ದ. ನನಗೆ ಅನ್ಯಾಯವಾಗಿದೆ ಎಂದು ಅತ್ತಿದ್ದ. ಓದದೆ ಸಹಿ ಹಾಕಿದ್ದು ನಿನ್ನದೇ ತಪ್ಪು ಎಂದು ಹೇಳಿ ಶಿಷ್ಯ ಅವನನ್ನು ಸಾಗಹಾಕಿದ್ದ.

“ಕಳಿಸಿಯೇಬಿಟ್ಟೆಯಾ? ಎಂಥ ಕೆಲಸ ಮಾಡಿದೆಯಪ್ಪ!” ಎಂದರು ಗುರುಗಳು. “ಸರಿ, ಕೂತುಕೋ. ಒಂದು ಕತೆ ಹೇಳುತ್ತೇನೆ. ನಡುವೆ ಬಾಯಿ ಹಾಕಬೇಡ.”

ಗುರುಗಳು ಹೇಳತೊಡಗಿದರು.

ಒಂದೂರಿನಲ್ಲಿ ಬಟ್ಟೆ ಹೊಲಿದು ಬದುಕುವ ಹೆಂಗಸೊಬ್ಬಳಿದ್ದಳು. ಗಂಡ ತೀರಿಕೊಂಡಿದ್ದ. ಒಂದೇ ಒಂದು ಹೊಲಿಗೆ ಯಂತ್ರ ನಂಬಿಕೊಂಡು ಮಗಳನ್ನು ಸಾಕಿದ್ದಳು, ಮದುವೆ ಮಾಡಿ ಕಳಿಸಿದ್ದಳು. ಯಂತ್ರ ಅವಳ ತಾಯಿಯದು. ಆಯುಧಪೂಜೆಯ ದಿನ ಅದಕ್ಕೆ ಹೂ ಮುಡಿಸದೆ ಅವಳು ತುತ್ತು ಮುಟ್ಟುತ್ತಿರಲಿಲ್ಲ.

ಒಮ್ಮೆ ಯಂತ್ರ ಕೆಟ್ಟಿತು. ಸುತ್ತ ಹತ್ತೂರಿಗೆ ರಿಪೇರಿ ಅಂಗಡಿ ಇದ್ದದ್ದು ಒಂದೇ. ಗಡಿಯಾರವಾಗಲಿ, ಪಂಪಾಗಲಿ, ಅಲ್ಲಿಗೇ ಒಯ್ಯಬೇಕು. ಕೊಟ್ಟವರಿಗೆಲ್ಲ ಒಂದೇ ಬಗೆಯ ಅಚ್ಚಾದ ಚೀಟಿ. ಅದರ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರ. ಸಹಿ ಬೀಳದೆ ಅಂಗಡಿಯವನು ವಸ್ತುವನ್ನು ಮುಟ್ಟುತ್ತಿರಲಿಲ್ಲ. ಎಲ್ಲರೂ ಹಾಕುತ್ತಿದ್ದರು, ಇವಳೂ ಹಾಕಿದಳು.

“ಅಣ್ಣಾ, ಮಗಳಿಗೆ ದಿನ ತುಂಬಿದೆ. ಓಡಾಡಬಾರದು ಅಂದಿದ್ದಾರೆ. ನಾನೇ ಅವಳ ಊರಿಗೆ ಹೋಗಿ ಬಾಣಂತನ ಮಾಡಬೇಕು. ಬರುವುದು ಮೂರು ತಿಂಗಳಾದೀತು” ಎಂದಳು.

“ಆಗಲಿ ತಾಯಿ, ನಿಮ್ಮ ಯಂತ್ರ ಎಲ್ಲಿ ಓಡಿಹೋಗುತ್ತದೆ? ನಿಧಾನವಾಗಿ ಬನ್ನಿ” ಎಂದ ಅಂಗಡಿಯವನು.

ಅವಳು ಮನೆಗೆ ಬಂದು, ಲಗ್ನಪತ್ರಿಕೆಗೆ ಹಚ್ಚುವ ಹಾಗೆ ಆ ಚೀಟಿಗೂ ಅರಿಸಿನ ಹಚ್ಚಿದಳು. ಮೇಲೆ ಹೆಸರಿತ್ತು, ಕೆಳಗೆ ಜಾಗವಿದೆ ಎಂದುಕೊಂಡು ಕೆಳಗೇ ಬಳಿದಳು. ದೇವರ ಗೂಡಿನಲ್ಲಿಟ್ಟು, ಕೈಮುಗಿದು ಮಗಳ ಊರಿಗೆ ಹೋದಳು.

ಮೊಮ್ಮಗುವನ್ನು ಎತ್ತಿ ಆಡಿಸಿ ಮೂರು ತಿಂಗಳಿಗೆ ವಾಪಸು ಬಂದರೆ ಯಂತ್ರವಿಲ್ಲ! ಅಂಗಡಿಯವನು ಮಾರಿಬಿಟ್ಟಿದ್ದ. ಕೊಂಡವನು ಯಾವ ಊರಿನವನೋ ಗೊತ್ತಿಲ್ಲ ಎಂದ. ನಿಧಾನವಾಗಿ ಬನ್ನಿ ಎಂದದ್ದನ್ನು ಅವನು ಇಲ್ಲವೆನ್ನಲೂ ಇಲ್ಲ. ಅಂದಿದ್ದೆ, ಆದರೆ ಚೀಟಿ ನೋಡಿಕೊಳ್ಳಿ ಎಂದ.

ಮಾತು ಊರಿನ ಹಿರಿಯನ ಮುಂದೆ ಬಂತು. ಅವನು ಹೆಬ್ಬೆರಳಿನಿಂದ ಅರಿಸಿನ ಒರೆಸಿ, ಚೀಟಿಯನ್ನು ಬೆಳಕಿಗೆ ಹಿಡಿದು ಓದಿದ. ‘ನಲವತ್ತು ದಿನದೊಳಗೆ ಒಯ್ಯದ ವಸ್ತು ಅಂಗಡಿಗೆ ಸೇರುತ್ತದೆ. ಬಾಯಿಮಾತಿಗೆ ಬೆಲೆಯಿಲ್ಲ.’

“ಓದಿ ಸಹಿ ಹಾಕಬೇಕಿತ್ತಮ್ಮ” ಎಂದ ಹಿರಿಯ.

“ಓದಿದ್ದರೆ ತಾನೇ ಏನಾಗುತ್ತಿತ್ತು ಅಯ್ಯಾ? ಈ ಸಾಲು ಬೇಡ ಅಂದಿದ್ದರೆ ಅವನು ಹೊಡೆದುಹಾಕುತ್ತಿದ್ದನೇ?” ಎಂದಳು ಅವಳು.

ಹೊಡೆದುಹಾಕುತ್ತಿರಲಿಲ್ಲ ಎಂದಾದರೂ ಹಿರಿಯ ಒಪ್ಪಿಕೊಳ್ಳಬೇಡವೇ? ಅವನ ಬುದ್ಧಿ ಎಲ್ಲಿ ಮೇಯಲು ಹೋಗಿತ್ತೋ! ಸಹಿ ನಿನ್ನದೇ ತಾನೇ ಎಂದು ಎದ್ದುಬಿಟ್ಟ. ಅವಳು ಚೀಟಿಯನ್ನು ಮಡಿಚಿ ಸೆರಗಿಗೆ ಕಟ್ಟಿಕೊಂಡು ಹೋದಳು. ಆಮೇಲೆ ಬೇರೆಯವರು ಹೊಲಿದ ಅಂಗಿಗಳಿಗೆ ಗುಂಡಿ ಹಚ್ಚುತ್ತಾ ಕಾಲ ಹಾಕಿದಳು. ಆ ವರ್ಷ ಆಯುಧಪೂಜೆಯ ದಿನ ಕತ್ತರಿಗೆ ಹೂವಿಟ್ಟಳಂತೆ.

ಗುರುಗಳು ನಿಲ್ಲಿಸಿದರು.

“ಪಾಪ ಅನಿಸುತ್ತದೆ. ಆದರೂ ಹಿರಿಯ ಹೇಳಿದ್ದರಲ್ಲಿ ತಪ್ಪೇನಿದೆ ಗುರುಗಳೇ? ಅವಳು ಓದಬೇಕಿತ್ತು” ಎಂದ ಶಿಷ್ಯ.

ಗುರುಗಳು ತಮ್ಮ ಹೆಬ್ಬೆರಳನ್ನೇ ನೋಡುತ್ತಾ ಹೇಳಿದರು:

“ಆ ಹಿರಿಯ ನಾನೇ ಕಣಪ್ಪ, ಗಡಿಯಾರ ರಿಪೇರಿಗೆ ಕೊಟ್ಟು ನಾನೂ ಅದೇ ಚೀಟಿಗೆ ಸಹಿ ಹಾಕಿದ್ದೆ, ಅವಳ ಅರಿಸಿನ ಒರೆಸುವ ತನಕ ಓದಿರಲಿಲ್ಲ.”