ಬದನೆಕಾಯಿಗೆ ಸಿಕ್ಕ ಕೊಸರು

ಇದರ ಪ್ರತಿ ಅಕ್ಷರವೂ ನಿಜ, ನನ್ನ ಮೀಸೆಯಾಣೆ. ಏಳನೇ ತರಗತಿಗೆ ವ್ಯಾಪಾರ ಕಲಿಸಲು ಮೇಷ್ಟ್ರು ಶಾಲೆಯಂಗಳದಲ್ಲಿ ಮಕ್ಕಳ ಸಂತೆ ಇಡಿಸಿದ್ದರು. ಆರು ಮಕ್ಕಳು ಬದನೆಕಾಯಿಯನ್ನೇ ತಂದಿದ್ದರು, ಬೆಲೆಯೂ ಒಂದೇ. ಕೊನೆಯಲ್ಲಿ ಕೂತ ಶಾಹೀನಾಳ ಬದನೆಕಾಯಿ ನಡುಗಿತು: “ಗಂಟೆ ಹೊಡೆದರೆ ನಾನು ದನದ ಬಾಯಿಗೆ!”

ಪಕ್ಕದ ಕರಿಬೇವಿನ ಎಸಳು ಹೇಳಿತು: “ಅಣ್ಣಾ, ನನ್ನನ್ನು ಕೊಸರಾಗಿ ಜೊತೆಗಿಟ್ಟುಕೋ.”

“ಬಿಟ್ಟಿ ಹೋಗುವ ನಿನಗೆ ಬೆಲೆಯೇ ಇಲ್ಲ. ನಿನ್ನಿಂದ ನನಗೇನು ಲಾಭ?”

“ನನ್ನ ಬೆಲೆ ಬಿಡು, ಗಿರಾಕಿಯ ಮುಖ ನೋಡು.”

ಬದನೆಕಾಯಿ ಬಿಗುಮಾನ ಬಿಟ್ಟು ಪಕ್ಕಕ್ಕೆ ಸರಿದು ಜಾಗ ಕೊಟ್ಟಿತು.

ಅಷ್ಟರಲ್ಲಿ ಚೌಕಾಸಿಯಲ್ಲಿ ಏಳೂರಿಗೆ ಒಬ್ಬನೇ ಆದ ನಾನು ಐದು ಬದನೆ ಗುಡ್ಡೆ ದಾಟಿ ಶಾಹೀನಾಳ ಬಳಿ ಬಂದೆ. “ಕೊಸರು ಏನು ಕೊಡ್ತೀಯಮ್ಮಾ?”

“ಕರಿಬೇವು ಕೊಡ್ತೀನಿ ಮಾಮಾ, ಒಗ್ಗರಣೆಗೆ ಆಯ್ತಲ್ಲ!”

ನಾನು ಚೌಕಾಸಿ ಮರೆತು ಚೀಲ ತೆರೆದೆ. ಒಳಗೆ ಬದನೆಕಾಯಿ ತಲೆಬಾಗಿತು: “ತಮ್ಮಾ, ಬೆಲೆಯಿಲ್ಲದ ನೀನೇ ನನಗೆ ಬೆಲೆ ತಂದೆ. ನಿನ್ನ ಉಪಕಾರ ಮರೆಯಲಾರೆ.” ಇಷ್ಟು ಹೇಳಿ ಸುಮ್ಮನಾಯಿತು.

ಒಂದು ಸಣ್ಣ ಸುಳ್ಳು ಸೇರಿಸಿದ್ದೇನೆ, ಒಪ್ಪಿಕೊಳ್ಳುತ್ತೇನೆ. ಬದನೆಕಾಯಿ ಸುಮ್ಮನಾಗಲಿಲ್ಲ, ಮನೆ ಮುಟ್ಟುವವರೆಗೂ ಅದನ್ನೇ ಹೇಳುತ್ತಿತ್ತು.